ಒಂಬತ್ತನೆಯ ಗುಂಡಿಯ ನೀರು

೧೯೮೧ರ ಯುಗಾದಿಗೆ ಎರಡು ದಿನ ಮೊದಲು, ಶುಕ್ರವಾರ ಬೆಳಿಗ್ಗೆ ಏಳಕ್ಕೆ ರಾಯಚೂರಿನಿಂದ ಹೊರಟೆ. ಮಾನ್ವಿಯಲ್ಲಿ ಬಸ್ಸು ಬದಲಿಸಿ ದೇವದುರ್ಗ ಮುಟ್ಟಿದಾಗ ಹನ್ನೊಂದೂವರೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಎಂಟು ಕಿಲೋಮೀಟರ್ ನಡೆದೆ. ದಾರಿಯಲ್ಲಿ ನೆರಳಿನ ಮರ ಹದಿನಾಲ್ಕು ಸಿಕ್ಕವು, ಎಲ್ಲವೂ ಬೇವು.

ನಾನು ನೋಡಹೊರಟದ್ದು ಹನುಮವ್ವನವರನ್ನು. ಬೇಟೆಗಾರ ನಾಯಕರ ಮನೆಯವರು. ಹುಡುಗಿಯಾಗಿದ್ದಾಗ ಊರ ಪಕ್ಕದ ಗುಡ್ಡದಲ್ಲಿ ಡಬ್ಬ ಬಡಿದು ಪ್ರಾಣಿಗಳನ್ನು ಬಲೆಗೆ ಅಟ್ಟಿದವರೇ, ಹನ್ನೆರಡು ವರ್ಷಗಳಿಂದ ಅದೇ ಗುಡ್ಡದ ಚಿಗರಿ ಹುಲ್ಲೆಗಳಿಗಾಗಿ ಸ್ವಂತ ಜನರೊಡನೆ ಜಗಳವಾಡುತ್ತಿದ್ದರು. ಮರುದಿನ ಊರಿನ ವರ್ಷದ ಬೇಟೆ. ಗುಡ್ಡದಲ್ಲಿ ಉಳಿದಿದ್ದ ಚಿಗರಿ ಏಳು.

ಪ್ರಾಣಿಗಳು ನೀರು ಕುಡಿಯುವಲ್ಲಿ, ಕೂಗಳತೆಯೊಳಗೆ ಬಲೆ ಹಾಕಬಾರದೆಂಬುದು ಆ ಊರಿನ ಬೇಟೆಗಾರರ ಹಳೆಯ ಕಟ್ಟಳೆ. ಹನುಮವ್ವ ಬಂಡೆಗಳಲ್ಲಿ ಒಂಬತ್ತು ಗುಂಡಿ ಕಡಿದು, ಬೇಸಿಗೆಯುದ್ದಕ್ಕೂ ಕೊಡ ಹೊತ್ತು ತುಂಬಿಸುತ್ತಿದ್ದರು. ಒಂಬತ್ತು ಕೂಗಳತೆಗೆ ಇಡೀ ಗುಡ್ಡ ಮುಗಿದು, ಬಲೆಗೆ ಜಾಗವೇ ಉಳಿಯುತ್ತಿರಲಿಲ್ಲ.

"ಫಾರೆಸ್ಟ್ ಗಾರ್ಡಿಗೆ ಹೇಳಬಹುದಲ್ಲ?" ಎಂದೆ.

"ಗಾರ್ಡ ಸಂಜಿಕ ಮನಿಗಿ ಹೋಗ್ತಾನ. ರಿವಾಜು ಎಲ್ಲಿಗಿ ಹೋಗಂಗಿಲ್ಲ. ಮಾತ್ ಸಾಕು, ಕೊಡ ಎತ್ತಪ್ಪ."

ಆ ಸಂಜೆ ಅವರು ಹದಿನೊಂದು ಕೊಡ ಹೊತ್ತರು. ನಾನು ನಾಲ್ಕು, ಅದರಲ್ಲೊಂದು ಅರ್ಧ ಚೆಲ್ಲಿತು.

ಶನಿವಾರ ಬೆಳಿಗ್ಗೆ ಇಪ್ಪತ್ತಮೂರು ಜನ ಗುಡ್ಡ ಹತ್ತಿದರು, ಜೊತೆಗೆ ಐದು ನಾಯಿ. ಹನುಮವ್ವ, ನಾನು ಅವರ ಹಿಂದೆಯೇ ಹೋದೆವು. ಮುಂದಾಳು ಹನುಮವ್ವನವರ ತಮ್ಮ ಮುದುಕಪ್ಪ. ಅವನು ಗುಂಡಿಗಳನ್ನು ಒಂದೊಂದಾಗಿ ನೋಡುತ್ತ ಬಂದ. ಎಂಟರಲ್ಲಿ ನೀರಿತ್ತು. ಒಂಬತ್ತನೆಯದು ತಳ ಬಿರುಕು ಬಿಟ್ಟು, ಹಿಂದಿನ ಸಂಜೆಯ ನೀರು ಸೋರಿ ಒಣಗಿತ್ತು. ಅದರ ಕೆಳಗಿನ ಜಾಲಿಯ ಮರೆಯಲ್ಲೇ ಚಿಗರಿಗಳಿದ್ದವು.

"ಯಕ್ಕಾ, ಈ ಸಲ ನೀ ಸೋತಿ. ಬಲಿ ಬಿಚ್ರಲೇ!"

ಹನುಮವ್ವ ತಾವು ಕುಡಿಯಲು ತಂದಿದ್ದ ತಂಬಿಗೆಯನ್ನು ಗುಂಡಿಗೆ ಬಗ್ಗಿಸಿದರು.

"ಅದು ನಡಿಯಂಗಿಲ್ಲ" ಎಂದ ಮುದುಕಪ್ಪ. "ಜೀವ ಬಾಯಿ ಹಚ್ಚಿದ್ರಷ್ಟ ನೀರಿನ ಜಾಗ."

"ಹಚ್ಚತಾವ, ತಡಿ."

"ನಾವ್ ನಿಂತಾಗ ಚಿಗರಿ ಬರ್ತಾವೇನ ಬೇ? ಕೂಗಿ ಕರಿ ನೋಡೂಣು!"

ಎಲ್ಲರೂ ನಕ್ಕರು. ನೀರು ಇಳಿಯುತ್ತಿತ್ತು. ಹನುಮವ್ವ ಕುಕ್ಕರಗಾಲಲ್ಲಿ ಕುಳಿತು ಬಿರುಕಿನ ಮೇಲೆ ಅಂಗೈ ಒತ್ತಿ ಹಿಡಿದರು. ಆಗ ನಾಲಿಗೆ ಚಾಚಿ ಏದುತ್ತಿದ್ದ ಮುದುಕಪ್ಪನ ಕರಿ ನಾಯಿ ಮುಂದೆ ಬಂದು, ಅವರ ಕೈ ಪಕ್ಕ ಮೂತಿಯಿಟ್ಟು ಲೊಚಲೊಚ ಕುಡಿಯಿತು.

"ನಾಯಿನೂ ಜೀವದಾಗ ಬರತದೇನು?" ಹಿಂದಿನಿಂದ ಒಬ್ಬ ಕೇಳಿದ.

ಮುದುಕಪ್ಪ ನಾಯಿಯಿಂದ ಅವನತ್ತ ತಿರುಗಿದ. "ನಿನಗಿಂತ ಮೊದಲ ಬರತದ. ಬಾಯಿ ಮುಚ್ಚಿ ಬಲಿ ಸುತ್ತಲೇ." ಆಮೇಲೆ ಅಕ್ಕನಿಗೆ, "ಮುಂದಿನ ವರ್ಷ ನಾಯಿ ತರಂಗಿಲ್ಲ" ಎಂದ.

"ಬ್ಯಾಡ ಬಿಡು. ಬರೂ ಮುಂದ ಒಂದು ಕೊಡ ನೀರ್ ಹೊತ್ಕೊಂಬಾ."

ಹತ್ತೂವರೆಗೆ ನಾನು ದೇವದುರ್ಗದ ದಾರಿ ಹಿಡಿದೆ. ತಿರುವಿನಲ್ಲಿ ನಿಂತು ನೋಡಿದಾಗ ಗಂಡಸರು ಸಾಲಾಗಿ ಇಳಿಯುತ್ತಿದ್ದರು. ಮೇಲೆ ಬಂಡೆಯ ಹತ್ತಿರ ಹನುಮವ್ವ ಇನ್ನೂ ಅಂಗೈ ಎತ್ತಿರಲಿಲ್ಲ.