ರಿಕಾಬು ಕಟ್ಟುವ ಬುಡೇನ್ ಸಾಬರು

ಆ ದಿನವೂ ಬುಡೇನ್ ಸಾಬರ ಬಾಯಿ ತುಂಬ ಮೊಳೆಗಳಿದ್ದವು. ನಮ್ಮ ಕೆಂದ ಎತ್ತನ್ನು ಹಗ್ಗ ಹಾಕಿ ಅಂಗಳದಲ್ಲಿ ಕೆಡವಿ, ಕಾಲು ಕಟ್ಟಿ, ಅಪ್ಪ ಅದರ ಕೋಡುಗಳನ್ನು ಒತ್ತಿ ಹಿಡಿದಿದ್ದರು. ಸಾಬರು ತುಟಿಯಿಂದ ಒಂದೊಂದೇ ಮೊಳೆ ತೆಗೆದು ಗೊರಸಿಗೆ ಲಾಳ ಹೊಡೆಯುತ್ತ, ಉಳಿದ ಮೊಳೆಗಳ ಸಂದಿಯಿಂದಲೇ ಮಾತಾಡುತ್ತಿದ್ದರು. ಮೊಳೆ ಕಡಿಮೆಯಾದಂತೆ ಮಾತು ಸ್ಪಷ್ಟವಾಗುತ್ತಿತ್ತು.

"ಬುಡೇನಣ್ಣ, ಕೊನೇ ಮೊಳೆ ತನಕ ನೀ ಏನಂತೀಯ ಅಂತ ದೇವ್ರಿಗೂ ತಿಳಿಯಾಕಿಲ್ಲ" ಎಂದರು ಅಪ್ಪ.

"ದೇವ್ರಿಗೆ ತಿಳೀತೈತೆ ಬಸಣ್ಣ. ಅವನಿಗೆ ಕಿವಿ ಐತೆ. ನಿಂಗೆ ಬರೇ ಬಾಯಿ ಐತೆ."

ಮರುದಿನ ಕಾರಹುಣ್ಣಿಮೆ. ಅದು ಯುದ್ಧದ ಕಾಲ, ಕಬ್ಬಿಣ ಸಿಗುತ್ತಿರಲಿಲ್ಲ. ಸಾಬರು ಮುರಿದ ಗಾಡಿಚಕ್ರದ ಪಟ್ಟಿ ತಂದು ಕಾಯಿಸಿ ಲಾಳ ಬಡಿದುಕೊಳ್ಳುತ್ತಿದ್ದರು. ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಹಳ್ಳಿಗಳ ಎತ್ತುಗಳೆಲ್ಲ ಅವರ ಕೈಯಲ್ಲೇ ಲಾಳ ಕಟ್ಟಿಸಿಕೊಂಡವು. ಅವರ ಮನೆ ನಮ್ಮ ಮನೆಯ ಪಕ್ಕದ್ದೇ. ನಾನು ಅವರನ್ನು ಮಾಮ ಎನ್ನುತ್ತಿದ್ದೆ. ನನಗಾಗ ಹನ್ನೊಂದು ವರ್ಷ.

ಲಾಳ ಕಟ್ಟುವವರು ಬೇರೆಯವರೂ ಇದ್ದರು. ಆದರೆ ಕೆಲಸ ಮುಗಿದ ಮೇಲೆ ಎತ್ತಿನ ಡುಬ್ಬದ ಮುಂದೆ ಕರಿ ಉಣ್ಣೆಯ ದಾರ ಸುತ್ತಿ, ಎಡಕ್ಕೊಂದು ಬಲಕ್ಕೊಂದು ಬೆರಳಗಲದ ಕುಣಿಕೆ ಇಳಿಬಿಡುತ್ತಿದ್ದವರು ಇವರೊಬ್ಬರೇ. ಅದು ರಿಕಾಬು, ಸವಾರ ಕಾಲಿಡುವ ಜಾಗ. ಸವಾರರೆಂದರೆ ಗೇಣಾಳುಗಳು. ಒಂದು ಗೇಣಿನಷ್ಟೇ ಎತ್ತರದ ಸಿಪಾಯಿಗಳು. ಕೈಯಲ್ಲಿ ಜಾಲಿಮುಳ್ಳಿನ ಭರ್ಜಿ, ಸೋರೆಬುರುಡೆಯ ಚೂರಿನ ಗುರಾಣಿ. ಸರದಾರರಿಗೆ ಎತ್ತು, ಸಾದಾ ಸಿಪಾಯಿಗೆ ಕುರಿ, ಕಾವಲಿನವನಿಗೆ ಹುಂಜ. ದನಗಳಿಗೆ ದೊಡ್ಡರೋಗ ಬಂದಾಗ ಗಡಿಯಲ್ಲಿ ನಿಂತು ಅದನ್ನು ತಡೆಯುವವರು ಇವರೇ ಎಂದು ಸಾಬರು ಹೇಳುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ಒಮ್ಮೆ ಮಧ್ಯಾಹ್ನ ನಮ್ಮ ಹುಂಜ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯುತ್ತಿತ್ತು. ನಾನು ಜೋಳ ಎರಚಿದೆ. ಅದು ನೋಡಲಿಲ್ಲ. ತುದಿ ಮುಟ್ಟಿ ತಿರುಗಿ ಮತ್ತೆ ಬಂತು.

"ಕರೀಬ್ಯಾಡ" ಎಂದರು ಸಾಬರು ಮೆಲ್ಲಗೆ. "ಕೋಳಿ ಅಡ್ಡಾಡೋದು ಕಾಳಿಗೆ. ಇದು ಕಾಳು ಕಂಡ್ರೂ ನಿಲ್ಲಂಗಿಲ್ಲ. ಯಾಕೆ? ಕೆಲಸದ ಮ್ಯಾಲೈತೆ."

ನಾನು ಒಳಗೆ ಓಡಿ ಅವ್ವನ ಸೆರಗು ಹಿಡಿದೆ. ಅಂದಿನಿಂದ ಕೊಟ್ಟಿಗೆಗೆ ಒಬ್ಬಳೇ ಹೋಗಲು ಹೆದರುತ್ತಿದ್ದೆ.

ಅವರ ನಿಯಮ ಒಂದೇ. ಕಟ್ಟಿದ ದಾರ ತಾನಾಗಿ ಸವೆದು ಬೀಳಬೇಕು, ಯಾರೂ ಕೀಳಬಾರದು. "ಕುದುರಿ ಕಳಕೊಂಡ ಸವಾರ ನೆಲದ ಮ್ಯಾಲೆ ನಿಲ್ಲಲ್ಲ ಗೌರವ್ವ. ಯಾರು ಇಳಿಸಿದ್ರೋ ಅವರ ಮ್ಯಾಲೇ ಹತ್ತತಾನೆ" ಎಂದು ನನಗೆ ಹೇಳುತ್ತಿದ್ದರು.

ಇಷ್ಟು ತಿಳಿದೂ ನಾನು ದಾರ ಕತ್ತರಿಸಿದೆ. ಕಾರಹುಣ್ಣಿಮೆಯ ಬೆಳಗ್ಗೆ ಅಪ್ಪ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದ್ದರು. ಕೆಂದನ ಕೊರಳಿಗೆ ಕಟ್ಟಲು ನಾನು ಹಳೆಯ ಕುಪ್ಪಸದ ಕೆಂಪು ಅಂಚು ತೆಗೆದಿಟ್ಟಿದ್ದೆ. ಅದರ ಪಕ್ಕದಲ್ಲಿ ಕರಿ ದಾರ ಕೊಳಕಾಗಿ ಕಂಡಿತು. ಹಬ್ಬದ ದಿನ ಊರೆಲ್ಲ ನೋಡುವ ಎತ್ತು. ಸಂಜೆ ಹೊಸದೊಂದು ಕಟ್ಟಿಸಿದರಾಯಿತು ಎಂದುಕೊಂಡು ಕುಡುಗೋಲಿನ ತುದಿಯಿಂದ ಕುಯ್ದೆ.

ಕೆಂದ ಒಮ್ಮೆ ಮೈ ಜಾಡಿಸಿತು. ತಲೆ ತಿರುಗಿಸಿ ನನ್ನ ಕಡೆ ನೋಡಿತು. ನನ್ನ ಮುಖವನ್ನಲ್ಲ, ನನ್ನ ಹೆಗಲ ಮೇಲಕ್ಕೆ ನೋಡಿತು.

ಆಮೇಲೆ ನನ್ನ ಕತ್ತಿನ ಹಿಂದೆ ಭಾರ ಕೂತಿತು. ಹೆಚ್ಚೇನಲ್ಲ, ಕೋಳಿಮರಿಯಷ್ಟು. ಕಿವಿಯ ಪಕ್ಕದ ಕೂದಲನ್ನು ಎರಡೂ ಕಡೆಯಿಂದ ಯಾರೋ ಹಿಡಿದಂತೆ ಬಿಗಿಯಾಯಿತು. ನಾನು ಅಡುಗೆಮನೆಗೆ ಹೋಗಬೇಕೆಂದರೆ ಕಾಲು ಅಂಗಳದ ಕಡೆ ತಿರುಗುತ್ತಿತ್ತು. ಎರಡು ದಿನ ಊಟ ಸೇರಲಿಲ್ಲ. ಅವ್ವ ದೃಷ್ಟಿಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ನಿಜ ಹೇಳಲು ನನಗೆ ಧೈರ್ಯವಿರಲಿಲ್ಲ.

ಲಾಳ ಕಟ್ಟಿದ ಕೆಲವು ದಿನಕ್ಕೆ ಸಾಬರು ಮೊಳೆ ಗಟ್ಟಿಯಾಗಿ ಕೂತಿದೆಯೇ ಎಂದು ನೋಡಲು ಬರುತ್ತಿದ್ದರು. ಬಂದವರು ಕೆಂದನ ಡುಬ್ಬ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ನೋಡಿದರು. ಅಪ್ಪನಿಗೆ ಮಾತ್ರ, "ಬಸಣ್ಣ, ಇದನ್ನ ಹೊಂಡದ ತನಕ ನಡಸ್ಕಂಡು ಬಾ. ಕುಂಟತೈತಾ ನೋಡಾನ" ಎಂದು ಹೇಳಿ ಕಳಿಸಿದರು.

ಅಪ್ಪ ಮರೆಯಾದ ಮೇಲೆ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತರು.

"ಯಾವಾಗ ಕುಯ್ದೆ?"

"ಹುಣ್ಣಿಮೆ ಬೆಳಗ್ಗೆ."

"ಎಲ್ಲಿ ಕುಂತಾನೆ?"

ನಾನು ಕತ್ತಿನ ಹಿಂದೆ ಬೆರಳು ತೋರಿಸಿದೆ. "ನಾನು ಸಾಯ್ತೀನಾ ಮಾಮ?"

"ಸಾಯಾಕೆ ಏನಾಗೈತೆ? ಸರದಾರ ಅವನು. ಇಸ್ಕೂಲ್ ಹುಡುಗಿ ಮ್ಯಾಲೆ ಕುಂತು ಯುದ್ಧಕ್ಕೆ ಹೆಂಗೆ ಹೋಗ್ತಾನೆ? ಅವನಿಗೇ ನಾಚಿಕಿ."

ಜೇಬಿನಿಂದ ಉಣ್ಣೆಯ ದಾರ ತೆಗೆದು ತಮ್ಮ ಕೊರಳಿಗೇ ಸುತ್ತಿಕೊಂಡರು. ಎರಡೂ ಕಡೆ ಕುಣಿಕೆ ಬಿಟ್ಟರು. ನನಗೆ ಬೆನ್ನು ಕೊಟ್ಟು, ಎತ್ತಿಗೆ ನೊಗ ಹೂಡುವಾಗ ಆಡುವ ದನಿಯಲ್ಲಿ, "ಬಾ, ಇಲ್ಲಿ ಬಾ. ಕಟ್ಟಿದಾವ ನಾನು, ನನ್ನ ಮ್ಯಾಲೆ ಹತ್ತು" ಎಂದರು.

ನನ್ನ ಕಿವಿಯ ಪಕ್ಕದ ಕೂದಲು ಸಡಿಲವಾಯಿತು. ಹಗಲು ಬೆಳಕು, ನಾನು ಒಂದು ಮಾರು ದೂರದಲ್ಲಿದ್ದೆ. ಸಾಬರ ಕೊರಳಲ್ಲಿ ತೂಗುತ್ತಿದ್ದ ಕುಣಿಕೆಗಳು ಒಂದಾದ ಮೇಲೊಂದು ಕೆಳಕ್ಕೆ ಜಗ್ಗಿ ನಿಂತವು. ದಾರದ ಅಡಿಯಲ್ಲಿ ಚರ್ಮ ಒತ್ತಿಕೊಂಡು ಗೆರೆ ಬಿತ್ತು.

"ಹ್ಞೂಂ. ಬಂದ" ಎಂದರು.

ನಾನು ಕತ್ತಿನ ಹಿಂದೆ ಕೈಯಾಡಿಸಿದೆ. ಅಲ್ಲಿ ಭಾರ ಇರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಸಾಬರು ಕತ್ತು ಬಗ್ಗಿಸಿ ನಡೆಯುವುದು ರೂಢಿಯಾಯಿತು. ಊಟಕ್ಕೆ ಕೂತರೆ ಮೊದಲ ತುತ್ತಿನ ನಾಲ್ಕು ಅಗುಳು ಹೆಗಲ ಮೇಲಿಟ್ಟುಕೊಳ್ಳುತ್ತಿದ್ದರು. ಊರವರಿಗೆ ತಮಾಷೆ. "ಸಾಬ್ರೆ, ಸವಾರ ಉಂಡನಾ?" ಎಂದು ಕೇಳುವರು.

"ಉಂಡ. ನಿಮ್ಮನಿ ಸಾರಿಗೆ ಉಪ್ಪಿಲ್ಲ ಅಂದ."

ಎಲ್ಲರೂ ನಕ್ಕರೆ ನಾನೊಬ್ಬಳೇ ತಲೆ ತಗ್ಗಿಸುತ್ತಿದ್ದೆ. ಅವರು ಕರಗುತ್ತಿದ್ದುದು ನನಗೆ ಕಾಣುತ್ತಿತ್ತು. ಕುಣಿಕೆಯ ಅಡಿಯ ಗೆರೆ ಗಾಯವಾಗಿತ್ತು. ಒಂದು ದಿನ ಅವರ ಕುಲುಮೆಯ ಹತ್ತಿರ ನಿಂತು, "ಮಾಮ, ವಾಪಸ್ ಕೊಡು, ನಾನೇ ಹೊರ್ತೀನಿ" ಎಂದೆ. ಹೇಳುತ್ತಿರುವಾಗಲೇ, ಬೇಡ ಅನ್ನಲಿ ದೇವರೇ ಎಂದು ಒಳಗೆ ಬೇಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಅವರು ತಿದಿ ಒತ್ತುವುದನ್ನು ನಿಲ್ಲಿಸಿದರು. "ಕೇಳಿದ್ಯಲ್ಲ, ಸಾಕು. ನಿನ್ನ ಕತ್ತು ಇನ್ನಾ ಎಳೇದೈತೆ" ಎಂದರು. ನನ್ನ ಮನಸ್ಸು ಹಗುರವಾಯಿತು. ಆ ಹಗುರಕ್ಕೆ ಈಗಲೂ ನಾಚುತ್ತೇನೆ.

ಸುಗ್ಗಿ ಮುಗಿಯುವ ಹೊತ್ತಿಗೆ ಜಗಳೂರು ಕಡೆ ದೊಡ್ಡರೋಗ ಬಿದ್ದಿದೆ, ದನಗಳು ಸಾಲಾಗಿ ಸಾಯುತ್ತಿವೆ ಎಂದು ಸುದ್ದಿ ಬಂತು. ಆ ವಾರ ನ್ಯಾಮತಿ ಸಂತೆಗೆ ಅಪ್ಪನ ಜೊತೆ ನಾನೂ ಹೋಗಿದ್ದೆ. ಮೇವು ಬಿಟ್ಟು ಸಂತೆಯ ಎತ್ತುಗಳೆಲ್ಲ ಮೂಡಲಿಗೆ ಮುಖ ಮಾಡಿ, ಕಿವಿ ನಿಮಿರಿಸಿ ನಿಂತಿದ್ದವು. ಮಾರುವವರು ಬೈದು ಹೊಡೆದರೂ ಒಂದೂ ತಿರುಗಲಿಲ್ಲ.

ಮರುದಿನ ಬೆಳಗ್ಗೆ ನೀರಿನ ಕೊಡ ಹೊತ್ತು ಬರುತ್ತಿದ್ದಾಗ ಗಾಡಿದಾರಿಯಲ್ಲಿ ಸಾಬರು ಎದುರಾದರು. ಹೆಗಲಲ್ಲಿ ಹತ್ಯಾರಿನ ಚೀಲವಿತ್ತು.

"ಎಲ್ಲಿಗೆ ಮಾಮ?"

"ಜಗಳೂರಿಗೆ. ಅಲ್ಲಿ ಕೆಲಸ ಐತಂತೆ."

"ಹೋಗಬ್ಯಾಡ. ಅಲ್ಲಿ ರೋಗ ಐತೆ."

"ಎತ್ತು ಬರಲ್ಲ ಅಂದ್ರೆ ಸವಾರ ಬಿಡ್ತಾನಾ? ನೀನು ಮನಿಗೆ ಹೋಗು, ಕೊಡ ಭಾರ ಐತೆ..."

ಇನ್ನೇನೋ ಹೇಳುವುದಿತ್ತು. ಅವರ ತಲೆ ಥಟ್ಟನೆ ಮೂಡಲಿಗೆ ತಿರುಗಿತು. ಲಗಾಮು ಜಗ್ಗಿದಾಗ ಕುದುರೆಯ ತಲೆ ತಿರುಗುವ ಹಾಗೆ. ನನ್ನ ಕಡೆ ಮುಖ ತಿರುಗಿಸಲು ಒಮ್ಮೆ ಪ್ರಯತ್ನಪಟ್ಟರು. ಆಗಲಿಲ್ಲ. ಹಾಗೆಯೇ ನಡೆದುಹೋದರು.

ರೋಗ ನಮ್ಮ ಸೀಮೆಗೆ ಬರಲಿಲ್ಲ. ಎರಡು ತಿಂಗಳಾದರೂ ಸಾಬರು ಬಾರದಿದ್ದಾಗ ನಾನು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಜಗಳೂರಿಗೆ ಹೋದರು. ಕೊರಳಲ್ಲಿ ಕರಿ ದಾರವಿದ್ದ ಸಾಬರೊಬ್ಬರು ಬಾವಿಯ ಹತ್ತಿರ ಲಾಳ ಕಟ್ಟುತ್ತಿದ್ದುದನ್ನು ಅಲ್ಲಿಯವರು ಕಂಡಿದ್ದರು. ಒಂದು ಮಧ್ಯಾಹ್ನ ಕೈಕೆಲಸ ಅರ್ಧಕ್ಕೇ ಬಿಟ್ಟು, ಗುಡ್ಡದ ಕಡೆಗೆ ಓಡುತ್ತ ಹೋದರಂತೆ. ಆ ವಯಸ್ಸಿನವರು ಹಾಗೆ ಓಡುವುದನ್ನು ಕಂಡಿಲ್ಲ ಎಂದರಂತೆ. ಅಪ್ಪ ಐದು ದಿನ ಗುಡ್ಡ ಸುತ್ತಿ ಬರಿಗೈಯಲ್ಲಿ ಬಂದರು.

ನ್ಯಾಮತಿಯ ಖಬರಸ್ತಾನದಲ್ಲಿ, ನಾನು ಹುಟ್ಟುವ ಮೊದಲೇ ತೀರಿಕೊಂಡ ಸಾಬರ ಹೆಂಡತಿಯ ಗೋರಿ ಇದೆ. ಅದರ ಪಕ್ಕದಲ್ಲಿ ಅವರಿಗೆಂದು ಬಿಟ್ಟ ಜಾಗ ಇನ್ನೂ ಖಾಲಿ ಇದೆ.