ನೀರಿನ ರಿಜಿಸ್ಟರಿನಲ್ಲಿ ಬರೆದ ಹಾಡುಗಳು

ಡಾಂಬರ ಗುಳಿಗೆಯ ವಾಸನೆ ಬಂದಾಗಲೆಲ್ಲ ಶಹಾಪುರದ ಕಾಲುವೆ ಕಾಲೊನಿಯ ನಮ್ಮ ಎರಡು ಕೋಣೆಯ ಮನೆ ಕಣ್ಣ ಮುಂದೆ ಬರುತ್ತದೆ. ಅವ್ವ ಟ್ರಂಕಿನಲ್ಲಿ ತನ್ನ ಇಳಕಲ್ ಸೀರೆಗಳ ನಡುವೆ ಆ ಗುಳಿಗೆಗಳನ್ನಿಟ್ಟು, ಎಲ್ಲಕ್ಕೂ ಮೇಲೆ ಅಪ್ಪನ ಹಾಡಿನ ಪುಸ್ತಕವನ್ನು ಇಡುತ್ತಿದ್ದಳು. ಅದು ಕಾಲುವೆಯ ನೀರಿನ ಮಟ್ಟವನ್ನು ತಾಸುತಾಸಿಗೆ ಬರೆದಿಡುವ ಉದ್ದನೆಯ ರಿಜಿಸ್ಟರು. ಅಚ್ಚಿನಲ್ಲಿ ಗೆರೆಗಳು ಸೊಟ್ಟಾಗಿ ಬಂದವೆಂದು ಕಚೇರಿಯವರು ಬಿಸಾಡಿದ್ದು. ಆ ಕಾಲೊನಿಯ ಸಾಲು ಈಗ ಇಲ್ಲ. ಕಳೆದ ವರ್ಷ ಯಾದಗಿರಿಯಿಂದ ಹೋಗಿ ನೋಡಿದಾಗ ಜಾಲಿಮುಳ್ಳಿನ ನಡುವೆ ನಮ್ಮ ನೀರಿನ ತೊಟ್ಟಿಯ ತಳ ಮಾತ್ರ ಸಿಕ್ಕಿತು. ಅದು ನಮ್ಮದೋ ಪಕ್ಕದವರದೋ ಎಂದು ಆಣೆ ಮಾಡಿ ಹೇಳಲಾರೆ. ನಿಮಗೂ ಕೆಡವಿಹಾಕಿದ ಮನೆಯೊಂದಿದ್ದರೆ ನೆನಪು ಹೇಗೆ ತನಗೆ ಬೇಕಾದ ಕಲ್ಲನ್ನೇ ಎತ್ತಿಕೊಳ್ಳುತ್ತದೆಂದು ಗೊತ್ತಿರುತ್ತದೆ.

ಅಪ್ಪ ಬೋನಾಳದ ಕೆರೆಯಲ್ಲಿ ಮೀನು ಹಿಡಿಯುವವರ ಮನೆಯಿಂದ ಬಂದವನು. ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಊರಿನ ಭಜನೆ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಲು ಕಲಿತಿದ್ದ, ರೇಡಿಯೋ ಕೇಳಿ ರಾಗಗಳನ್ನು ಹಿಡಿದಿದ್ದ. ಇಷ್ಟೇ ಅವನ ಸಂಗೀತ ವಿದ್ಯೆ. ಆದರೂ ಅವನು ರಾಗದಲ್ಲಿ ಹಾಡುವ ಚೀಜುಗಳನ್ನು ಕಟ್ಟುತ್ತಿದ್ದ, ಭೀಮಪಲಾಸದಲ್ಲಿ, ದುರ್ಗಾದಲ್ಲಿ, ಅಚ್ಚ ನಮ್ಮ ಮಾತಿನಲ್ಲಿ. ಕಾಲುವೆಯ ಏರಿಯ ಮೇಲೆ ಸೈಕಲ್ಲು ನೂಕಿಕೊಂಡು ಬರುವಾಗ ಹುಟ್ಟಿದ್ದು ಸಂಜೆಗೆ ಪೇಟಿಯ ಮೇಲೆ ಬರುತ್ತಿತ್ತು. "ಕಾಲುವಿಗೆ ನೀರು ಬಿಟ್ರ ನಿಮ್ಮಪ್ಪಗ ಹಾಡು ಬರ್ತಾವ, ಬಂದ್ ಮಾಡಿದ್ರ ಹೊಟ್ಟಿನೋವು ಬರ್ತದ" ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಅವನಿಗೆ ಸ್ವರ ಬರೆಯಲು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಸುರಪುರದಿಂದ ಆದಿತ್ಯವಾರ ಬರುತ್ತಿದ್ದ ಸಂಗೀತದ ಮಾಸ್ತರರಲ್ಲಿ ನನ್ನನ್ನು ಪಾಠಕ್ಕೆ ಹಚ್ಚಿದ. ಆಗ ನನಗೆ ಹತ್ತೋ ಹನ್ನೊಂದೋ. ಸ್ವರಲಿಪಿ ಬಂದದ್ದೇ ತಡ, ಸಂಜೆ ಚಹಾ ಕುಡಿದವನೇ "ಬರ್ಕೊ ಯವ್ವಾ" ಎಂದು ಕರೆಯತೊಡಗಿದ. ರಿಜಿಸ್ಟರಿನ ಹದಿನಾರು ಕಲಂಗಳು ತೀನ್ ತಾಲದ ಹದಿನಾರು ಮಾತ್ರೆಗಳಾದವು. ಅವನು ಒಂದೊಂದು ಸಾಲನ್ನು ಹಾಡುವುದು, ನಾನು ಶಬ್ದದ ಮೇಲೆ ಸ್ವರ ಕೂರಿಸುವುದು, ಕೊನೆಗೆ ಒಮ್ಮೆ ಓದಿ ಹಾಡಿ ತೋರಿಸುವುದು. ಅದಾದ ಮೇಲೆ ಅವನು ಆ ಹಾಡಿನ ಗೊಡವೆಗೇ ಹೋಗುತ್ತಿರಲಿಲ್ಲ. ಮತ್ತೆ ಯಾಕೆ ಹಾಡುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಬರದಿಟ್ಟದ್ದು ಮತ್ತ ತಲ್ಯಾಗ ಯಾಕ ಹೊರಬೇಕು? ತಲಿ ಖಾಲಿ ಆದ್ರನ ಹೊಸಾದು ಬರ್ತದ" ಎಂದ.

ಮೊದಲ ಕೆಲವು ಹಾಡುಗಳನ್ನು ಸರಿಯಾಗಿಯೇ ಬರೆದೆ. ಆಮೇಲೆ ನನಗೆ ಬೇಸರವಾಯಿತು ಎಂದು ಡೈರಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಕಿಟಕಿಯ ಆಚೆ ಕುಂಟಾಬಿಲ್ಲೆ ಆಡುತ್ತಿದ್ದ ಗೆಳತಿಯರು "ನಿಮ್ಮಪ್ಪಂದು ದರಬಾರ್ ಶುರು ಆತು ನೋಡು" ಎಂದು ನಗುತ್ತಿದ್ದರು. ನನಗೆ ಅಪ್ಪನ ಬಗ್ಗೆ ನಾಚಿಕೆಯಾಗುತ್ತಿತ್ತು. ಬೇಗ ಮುಗಿದರೆ ಸಾಕೆಂದು ಶಬ್ದಗಳನ್ನಷ್ಟೇ ಸರಿಯಾಗಿ ಬರೆದು, ಮೇಲೆ ಆ ವಾರದ ಪಾಠದ ಅಲಂಕಾರವನ್ನು ತುಂಬತೊಡಗಿದೆ: ಸಾರೆಗ, ರೆಗಮ, ಗಮಪ. ಓದಿ ತೋರಿಸುವಾಗ ಕಣ್ಣು ಹಾಳೆಯ ಮೇಲೆ, ಹಾಡುವುದು ಆಗಷ್ಟೇ ಕಿವಿಗೆ ಬಿದ್ದದ್ದು. ಅಪ್ಪ ತಲೆದೂಗುತ್ತಿದ್ದ. ಶಾಯಿ ಆರಲೆಂದು ಆ ಸುಳ್ಳು ಸ್ವರಗಳ ಮೇಲೆ ಊದುತ್ತಿದ್ದ.

ಅವನು ನಿವೃತ್ತನಾಗುವಾಗ ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ; ಅದಕ್ಕೆಂದೇ ಮನೆಗೆ ಬಂದಿದ್ದೆ. ಬೀಳ್ಕೊಡುಗೆಯಲ್ಲಿ ಸ್ವಂತದ್ದೊಂದು ಹಾಡಬೇಕೆಂದು ಕಚೇರಿಯವರು ಹಟ ಹಿಡಿದಿದ್ದರು. ನಮ್ಮ ಕಾಲುವೆಗೆ ಮೊದಲ ಸಲ ನೀರು ಬಂದದ್ದರ ಮೇಲೆ ಕಟ್ಟಿದ ಭೀಮಪಲಾಸದ ಚೀಜನ್ನು ಅಪ್ಪ ಆರಿಸಿಕೊಂಡ. ಮೊದಲ ಸಾಲು ಅವನಿಗೆ ನೆನಪಿತ್ತು. ಮುಂದಿನ ಭಾಗ, ಸ್ವರ ಮೇಲಕ್ಕೇರುವ ಅಂತರಾ, ಹೋಗಿಬಿಟ್ಟಿತ್ತು. ಅವನಿಗೆ ಅದರ ಚಿಂತೆಯೇ ಇರಲಿಲ್ಲ. ಅವ್ವನಿಗೆ ಹೇಳಿ ರಿಜಿಸ್ಟರು ತೆಗೆಸಿದ. "ಅದರ ಅಂತರಾ ಭಾಳ ಛಲೋ ಕುಂತಿತ್ತು, ಹಾಡು ಯವ್ವಾ" ಎಂದ.

ನನಗೂ ಅದು ಮರೆತುಹೋಗಿತ್ತು. ಹಾಳೆಯಲ್ಲಿದ್ದದ್ದು ಸಾರೆಗ, ರೆಗಮ. ಅದನ್ನೇ ಹಾಡಿದೆ. ಅಪ್ಪ ಪೇಟಿಯ ಮೇಲಿನ ಕೈ ತೆಗೆದ. ಇನ್ನೊಮ್ಮೆ ಹಾಡಿಸಿದ.

"ಹಿಂಗs ಇತ್ತೇನು?"

"ಹಿಂಗs ಬರದದ ಅಪ್ಪಾ."

ಅಷ್ಟೇ ಹೇಳಿದ್ದು. ಬರೆದದ್ದಂತೂ ಹಾಗೆಯೇ ಇತ್ತಲ್ಲ, ಸುಳ್ಳಲ್ಲ ಎಂದು ಎಷ್ಟೋ ವರ್ಷ ವಾದಿಸಿಕೊಂಡಿದ್ದೇನೆ. ಅವನು ಹಾಳೆಗಳನ್ನು ಹಿಂದೆ ಮುಂದೆ ತಿರುವಿ, ಇನ್ನೂ ಎರಡು ಮೂರು ಹಾಡಿಸಿ ಕೇಳಿದ. ಎಲ್ಲವೂ ಮಕ್ಕಳ ಪಾಠದ ಹಾಗೆಯೇ ಬಂದವು. ಆಮೇಲೆ ನಕ್ಕ. "ನಿನ್ನ ಪಾಠ ಕಿವಿಮ್ಯಾಲ ಬಿದ್ದು ಬಿದ್ದು, ಅದನ್ನ ನನ್ನ ಹಾಡಂತ ತಿಳ್ಕೊಂಡೀನಿ ಕಾಣ್ತದ. ಸುಮ್ನ ನಿನಗ ತ್ರಾಸ ಕೊಟ್ಟೆ, ಪಾಪ."

ಬೀಳ್ಕೊಡುಗೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಭಜನೆ ಹಾಡಿದ. ಚಪ್ಪಾಳೆ ಬಿತ್ತು. ಆಮೇಲೆ ಅವನು ಹೊಸದೇನನ್ನೂ ಕಟ್ಟಲಿಲ್ಲ; ಬೋನಾಳಕ್ಕೆ ಹೋಗಿ ನಿಂತ ಮೇಲೆ ಭಜನೆಯವರ ಜೊತೆ ಪೇಟಿ ಬಾರಿಸಿಕೊಂಡಿದ್ದ. ಅವನಿಗೆ ಗೊತ್ತಾಗಿತ್ತೇ, ನನ್ನ ಮುಖ ಉಳಿಸಲೆಂದೇ ಹಾಗೆ ನಕ್ಕನೇ? ಈ ಅನುಮಾನ ನನಗೆ ಅನುಕೂಲವಾದದ್ದು; ಅದಕ್ಕೇ ನಂಬುವುದಿಲ್ಲ. ಅದಾದ ಮೇಲೆ ಅವನು ಹನ್ನೊಂದು ವರ್ಷ ಬದುಕಿದ್ದ. ಪ್ರತಿ ದೀಪಾವಳಿಗೆ ಊರಿಗೆ ಹೋಗುತ್ತಿದ್ದೆ. ಹಾಡು ಚೆನ್ನಾಗಿಯೇ ಇತ್ತು, ಕೆಡಿಸಿದವಳು ನಾನು ಎಂದು ಹೇಳಲು ಒಂದು ಸಂಜೆ ಸಾಕಿತ್ತು.

ಅವನು ತೀರಿಕೊಂಡ ದಿನ ಭಜನೆಯವರು ಅಂಗಳದಲ್ಲಿ ಕೂತು ಒಂದರ ಹಿಂದೊಂದು ಪದ ಹೇಳಿದರು. ನಡುವೆ ಮೇಳದ ಹಿರಿಯ ಸಾಬಣ್ಣ ಕಾಕಾ ತಾಳ ನಿಲ್ಲಿಸಿ, ನನ್ನ ಕಡೆ ತಿರುಗಿ, "ನಿಮ್ಮಪ್ಪ ಕಟ್ಟಿದ್ದು ಒಂದರೆ ಹೇಳು ಯವ್ವಾ. ಎಲ್ಲಾ ಬರ್ಕೊಂಡಾಕಿ ನೀನೇ ಅಲ್ಲೇನು" ಎಂದ. ಎಲ್ಲರೂ ಕಾದರು. ನಾನು ಬಾಯಿಗೆ ಸೆರಗು ಹಿಡಿದು ತಲೆ ಅಲ್ಲಾಡಿಸಿದೆ. ಅದನ್ನು ಅವರು ದುಃಖವೆಂದು ತಿಳಿದರು. "ಇರ್ಲಿ ಬಿಡು, ಆಕಿಗೆ ಆಗವಲ್ದು" ಎಂದು ಕಾಕಾ ಮೆಲ್ಲಗೆ ಹೇಳಿ, ಬೇರೆ ಯಾರದೋ ಪದವೊಂದನ್ನು ಎತ್ತಿಕೊಂಡ.