ಭರಣಿ ಹೇಳಿದ ಸುದ್ದಿ, ಗುಳಿಗಿ ಹೇಳಿದ ಸತ್ಯ

ವಾದದಲ್ಲಿ ಗೆಲ್ಲುವುದು ನನಗೊಂದು ಚಟ. ಕಾಲೇಜಿನಲ್ಲಿ ಒಂದು ವಿಷಯದ ಪರವಾಗಿ ಮಾತಾಡಿ ಬಹುಮಾನದ ಕಪ್ಪು ತಂದು, ಮರುವಾರ ಅದೇ ವಿಷಯದ ವಿರುದ್ಧ ಮಾತಾಡಿ ಇನ್ನೊಂದು ಕಪ್ಪು ತಂದವಳು ನಾನು. ಆದರೆ ಕೊಣ್ಣೂರಿನ ನಮ್ಮ ಮನೆಯಲ್ಲಿ ನನ್ನ ಮಾತು ಒಂದು ಉಪ್ಪಿನಕಾಯಿ ಭರಣಿಯನ್ನೂ ಅಲುಗಿಸಿರಲಿಲ್ಲ.

ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎನ್ನುವ ಮನೆ ನಮ್ಮದು. ಮುಟ್ಟಾದವರು ಅಡುಗೆ ಮಾಡುತ್ತಾರೆ, ಲಿಂಗಪೂಜೆಯನ್ನೂ ಮಾಡಿಕೊಳ್ಳುತ್ತಾರೆ. ಭರಣಿಗೆ ಮಾತ್ರ ಕೈಹಾಕುವಂತಿಲ್ಲ, ಉಪ್ಪಿನಕಾಯಿ ಕೆಡುತ್ತದಂತೆ! ದೇವರು ತಾಳಿಕೊಳ್ಳುವುದನ್ನು ಮಾವಿನಕಾಯಿ ಯಾಕೆ ತಾಳಿಕೊಳ್ಳುವುದಿಲ್ಲ ಎಂದು ಕೇಳಿದ್ದೆ. “ನಿನ್ನ ಭಾಷಣಾ ಸಾಲ್ಯಾಗ ಇಟ್ಕೋ,” ಎಂದಿದ್ದಳು ಅವ್ವ. ಹೀಗಾಗಿ ಅಣ್ಣನ ಹೆಂಡತಿ, ನಮ್ಮ ವೈನಿ, ಊಟದ ಹೊತ್ತಿಗೆ “ಅತ್ತಿ, ಉಪ್ಪಿನಕಾಯಿ ನೀವಽ ತೆಗೀರಿ” ಅಂದರೆ ಸಾಕು, ಆ ತಿಂಗಳ ಸುದ್ದಿ ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು.

ಈ ಸಲ ವೈನಿ ಹಾಗೆ ಅನ್ನಲೇ ಇಲ್ಲ. ದಿನ ಮೀರಿ ಆರನೆಯ ದಿನವೂ ತಾವೇ ಭರಣಿ ತೆಗೆದಾಗ ಅವ್ವನ ಮುಖ ಅರಳಿತು. “ಎರಡನೇದು ನಿಂತೈತಿ ಅಂತ ಕಾಣಸ್ತೈತಿ. ಆ ಬಿ.ಎಡ್. ಗಿ.ಎಡ್. ಎಲ್ಲಾ ಇನ್ನ ಬಿಡು.”

ವೈನಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಅತ್ತರು. ಮಗಳಿಗೆ ಎರಡು ವರ್ಷ. ಗೋಕಾಕದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಸೋಮವಾರ ಸೇರಬೇಕು. ಮೂರು ವಾರದ ಹಿಂದೆ ನಿರೋಧ ಹರಿದಾಗ, ಮರುದಿನ ಬೆಳಿಗ್ಗೆಯೇ ಘಟಪ್ರಭಾಕ್ಕೆ ಹೋಗಿ ಬಸಿರು ತಡೆಯುವ ತುರ್ತು ಗುಳಿಗಿ ತಂದು ನುಂಗಿದ್ದರಂತೆ. ನಮ್ಮೂರಿನ ಔಷಧಿ ಅಂಗಡಿಯ ಕಾಕಾ ನೆಂಟ, ಅದಕ್ಕೇ ಪಕ್ಕದ ಊರಿಗೆ.

“ಗುಳಿಗಿ ಕೆಲಸಾ ಮಾಡ್ಲಿಲ್ಲ ನೋಡವಾ. ಇನ್ನೊಂದು ನುಂಗು, ಮುಟ್ಟು ಬರತೈತಿ ಅಂತಾಳ ಹುಕ್ಕೇರ್ಯಾಗಿನ ನಮ್ಮಕ್ಕ.”

“ತಡೀರಿ ವೈನಿ. ಪುರಾವಾ ಎಲ್ಲೈತಿ?” ಎಂದೆ.

ಅಳುವವರನ್ನು ಸಮಾಧಾನ ಮಾಡುವ ರೀತಿ ಇದಲ್ಲ, ಗೊತ್ತು. ಆದರೆ ನನಗೆ ಬರುವುದು ಓದು ಒಂದೇ. ಗುಳಿಗಿಯ ಡಬ್ಬಿಯೊಳಗಿನ ಚೀಟಿ ಬಿಡಿಸಿ ಇಬ್ಬರೂ ಓದಿದೆವು. ಈ ಗುಳಿಗಿ ನಿಂತ ಗರ್ಭವನ್ನು ತೆಗೆಯುವುದಿಲ್ಲ. ಮುಟ್ಟು ತರಿಸುವುದು ಅದರ ಕೆಲಸವೂ ಅಲ್ಲ. ಅಂಡ ಹೊರಬೀಳುವುದನ್ನು ಮುಂದೂಡುತ್ತದೆ, ಅಷ್ಟೇ. ಸಭೆಯನ್ನೇ ಮುಂದೂಡಿದ ಮೇಲೆ ವರದಿ ಮಾತ್ರ ಹಳೆಯ ತಾರೀಖಿಗೇ ಬರಬೇಕೆಂದರೆ ಹೇಗೆ? ಒಂದು ವಾರ ಹಿಂದುಮುಂದಾಗುವುದು ಸಾಮಾನ್ಯ. ಅನುಮಾನವಿದ್ದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಬೇಕು. ಮೂರು ವಾರ ಕಳೆದಿದ್ದರಿಂದ ಅದನ್ನು ನಂಬಬಹುದು.

ಪರೀಕ್ಷೆಯ ಪಟ್ಟಿ ತರಲು ಹೋದೆ, ನಮ್ಮೂರ ಅಂಗಡಿಗೇ. ಸಾವಿರ ಜನರ ಎದುರು ತಡವರಿಸದ ನಾಲಿಗೆ ಕಾಕಾನ ಎದುರು ಕೆಮ್ಮಿನ ಔಷಧಿ ಕೇಳಿತು. ನನ್ನ ಮೇಲೆ ನನಗೇ ಸಿಟ್ಟು ಬಂದು, ಬಾಜೂದವರಿಗೂ ಕೇಳುವಂತೆ ಬಸಿರಿನ ಪಟ್ಟಿ ಬೇಕೆಂದೆ.

“ಯಾರಿಗವಾ?”

“ಯಾರಿಗರೆ ಆಗಲಿ, ಕೊಡ್ರಿ ಕಾಕಾ.”

ಕೊಟ್ಟರು. ವೈನಿ ಪರೀಕ್ಷೆ ಮಾಡಿಕೊಂಡಾಗ ಪಟ್ಟಿಯ ಮೇಲೆ ಒಂದೇ ಗೆರೆ. ಬಸಿರಿಲ್ಲ! ಹಿತ್ತಲಲ್ಲೇ ವೈನಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು.

ಮರುದಿನ ಮುಟ್ಟು ಬಂತು. ಊಟಕ್ಕೆ ಕೂತಾಗ ನಾನು ಅವ್ವನಿಗೆ ಹೇಳಲೆಂದು ಮೂರು ಅಂಶಗಳ ಭಾಷಣ ಜೋಡಿಸಿಕೊಂಡಿದ್ದೆ. ವೈನಿ ನನಗೆ ಬಾಯಿ ತೆರೆಯಲೇ ಬಿಡಲಿಲ್ಲ.

“ಅತ್ತಿ, ಇವತ್ತ ಆಗೇತ್ರಿ. ಗುಳಿಗಿ ನುಂಗಿದ್ದೆ, ಅದಕ್ಕ ತಡಾ ಆತು. ಎರಡನೇದು ಓದು ಮುಗದ ಮ್ಯಾಲ.”

“ನನ್ನ ಒಂದ್ ಮಾತು ಕೇಳಬಾರದಾಗಿತ್ತ?”

“ನೀವರೆ ನನ್ನ ಎಲ್ಲಿ ಕೇಳೀರಿ? ಭರಣಿ ನೋಡಿ ನಿರ್ಣಯಾ ಮಾಡಿದ್ರಿ.”

ನಾನು ತುತ್ತು ಕೈಯಲ್ಲಿ ಹಿಡಿದೇ ಕೂತೆ. ಇಷ್ಟು ವರ್ಷ ವೇದಿಕೆ ಹತ್ತಿದರೂ ಇಂಥ ಒಂದು ವಾಕ್ಯ ನನಗೆ ಹೊಳೆದಿರಲಿಲ್ಲ. ಅವ್ವ ಎದ್ದು ಭರಣಿ ತಂದು ವೈನಿಯ ತಾಟಿಗೆ ಉಪ್ಪಿನಕಾಯಿ ಬಡಿಸಿದಳು.

ಸೋಮವಾರ ಅವ್ವ ವೈನಿಗೆ ರೊಟ್ಟಿ ಕಟ್ಟಿಕೊಟ್ಟು, ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದಳು. “ನಡಿಯವಾ, ಬಸ್ಸ ತಪ್ಪೀತು.” ನಾನು ಗೆದ್ದ ವಾದಗಳೆಲ್ಲ ಚಪ್ಪಾಳೆಗೇ ಮುಗಿದವು, ಸೋತವರು ಗೆದ್ದವರ ಮಗುವನ್ನು ಎತ್ತಿಕೊಂಡು ಅವರನ್ನು ಬಸ್ಸಿಗೆ ಕಳಿಸಿಕೊಟ್ಟ ವಾದವನ್ನು ನಾನು ಕಂಡದ್ದು ಅದೊಂದೇ.